ಗೇಟಿನಾಗ ಹಿಟ್ಟಿನ ಕೈ

ಕುಟ್ — ಹಂಚಿನ ಸಪ್ಪಳ ಇರಬೇಕು, ಕಾದ ಹಂಚು ಆಗಾಗ ಹಂಗ ಅಂತದ, ರುದ್ರವ್ವ ಬಡೀತಿದ್ದ ರೊಟ್ಟಿ ಮ್ಯಾಲ ಕೈ ಹಂಗ ಇಟ್ಟು ಉಸಿರು ಹಿಡಿದಳು, ಮತ್ತ ಕುಟ್, ಅಲ್ಲ ಅಲ್ಲ, ಇದು ಹಂಚಲ್ಲ, ಹಿತ್ತಲ ಬಾಗಲಾಚೆ ಬುಟ್ಟಿಯಾಗಿಂದ ಬಂತು, ಕೋಳಿ ಹೊಟ್ಟಿ ಕೆಳಗಿಂದ, ತತ್ತಿ ಒಳಗ ಕುಂತು ಯಾರೋ ಕದಾ ಬಡದಂಗ, ಬಂತವ್ವ ಬಂತು, ಹಿಟ್ಟಿನ ಕೈಲೇ ಎದ್ದು ಹೋಗಿ ಬಗ್ಗಿ ನೋಡಿದರ ಚುಕ್ಕಿಮೈ ಕಬರಿ ಕೋಳಿ ಮೈ ಉಬ್ಬಿಸಿ ಗುರ್ ಅಂತು, ಆತಾತು, ಸಿಟ್ಟಾಗಬ್ಯಾಡ, ನಿನ್ನ ಬಾಣಂತನದಾಗ ನಾ ಕೈ ಹಾಕೂದಿಲ್ಲ, ರೆಕ್ಕಿ ಕೆಳಗ ಒಂದು ತತ್ತಿ ಮೂತಿ ಕಾಣಸ್ತು, ಅದರ ಮ್ಯಾಲ ಜೋಳದ ಕಾಳಿನಷ್ಟು ತೂತು, ತೂತಿನಾಗ ಏನೋ ಹಸೀದು ಮಿಸುಕಾಡಿತು, ರುದ್ರವ್ವನ ಕಣ್ಣಾಗ ನೀರು ಬಂತು, ನೋಡ್ರಿ ಹುಚ್ಚಿ, ಒಂದು ತತ್ತಿ ಒಡದದ್ದಕ್ಕ ಅಳತಾಳ ಅಂತ ಇವರು ಈಗ ಮನ್ಯಾಗ ಇದ್ದಿದ್ದರ ನಕ್ಕಿರತಿದ್ದರು, ನಗಲಿ, ಇವರಿಗೇನು ಗೊತ್ತು, ಅವ್ವ ಸತ್ತ ಮ್ಯಾಲ ಇಂಡಿ ಕಡಿ ಆ ಊರಾಗ ನಂದು ಅನ್ನೂದು ಒಂದು ಕಲ್ಲೂ ಉಳಿದಿಲ್ಲ, ಅಣ್ಣತಮ್ಮ ಅಂತ ಯಾರೂ ಇಲ್ಲ, ಮನಿ ಬಿತ್ತು, ಬಾಗಲ ಮುಂದಿನ ಬೇವಿನಗಿಡ ಯಾರೋ ಕಡದರು, ಉಳದದ್ದು ಈ ಪುಣೆದಾಗ, ಹಡಪಸರದ ರೇಲ್ವೆ ಹಳಿ ಬಾಜೂ ಈ ಬಾಡಗಿ ಮನಿ ಹಿತ್ತಲದಾಗ, ಈ ಬುಟ್ಟಿಯಾಗ. ಇದs ನನ್ನ ತವರುಮನಿ.

ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ ವಾಸನಿ ಬಂತು, ಅಯ್ಯ ಶಿವನ, ಓಡಿ ಬಂದು ತಿರುವಿ ಹಾಕಿದಳು, ಹೊತ್ತಿದ್ದು ಇವರಿಗೆ, ಇವರು ಏನೂ ಅನ್ನೂದಿಲ್ಲ, ಛಲೋ ರೊಟ್ಟಿ ಕುಸುಮಗ, ಕುಸುಮ ಬರ್ತಾಳ ಇವತ್ತು, ದೌಂಡ ಗಾಡಿಗೆ, ಇವರ ಒಬ್ಬಾಕಿನs ಒಬ್ಬಾಕಿ ತಂಗಿ, ಅಪ್ಪ ಅವ್ವ ಇಲ್ಲದ ಕೂಸು, ಅಕಿಗೂ ತವರುಮನಿ ಅಂದರ ಈ ಬಾಡಗಿ ಮನಿನs, ಗಂಡ ದೌಂಡ ಜಂಕ್ಷನ್ನದಾಗ ರೇಲ್ವೆ ನೌಕರಿ, ಪಾಸಿದ್ದರೂ ಬರೂದು ವರ್ಷಕ್ಕ ಎರಡು ಸಲ, ಬಂದಾಗೊಮ್ಮೆ ಗೇಟಿನಿಂದನ ಒದರ್ತಾಳ, ವೈನೀ ನೋಡ್ರಿ ಏನ ತಂದೀನಿ, ಏನು ತರ್ತಾಳ, ಗೊತ್ತಿದ್ದದ್ದ ಅದ, ದೌಂಡ ಬಜಾರದಿಂದ ಒಂದು ಜೀವಂತ ಕೋಳಿ, ಚೀಲದಾಗ, ಕಾಲು ಕಟ್ಟಿ, ಅಣ್ಣನ ಮನಿಗೆ ಬರಿಗೈಲೇ ಹೆಂಗ ಬರೂದ್ರಿ ವೈನಿ ಅಂತಾಳ, ಭಾಳ ಒಳ್ಳೇ ಹುಡುಗಿ, ಒಳ್ಳೇದs ಕೆಟ್ಟದ್ದು ಈಗ, ಯಾಕಂದರ ನಿನ್ನೆ ಹಾಲಿನ ಏಕನಾಥ ಕ್ಯಾನ್ ಇಳಸಿಗೋತ ಹೇಳಿದ, ದೌಂಡದಾಗ ಕೋಳಿ ಬ್ಯಾನಿ ಬಂದದರಿ ಅಕ್ಕಾ, ಓಣಿ ಓಣಿನ ಖಾಲಿ ಆಗ್ಯಾವ, ಕುತ್ತಿಗಿ ತಿರುಗಿ ತಿರುಗಿ ಸಾಯಾಕತ್ಯಾವ, ಹಾಲು ಎಷ್ಟು ಹಾಕಲಿ, ರುದ್ರವ್ವಗ ಹಾಲಿನ ಮಾತು ಕೇಳಸಲೇ ಇಲ್ಲ, ಕುಸುಮಗ ಫೋನ್ ಇಲ್ಲ, ಬಾಜೂ ಮನಿಯವರ ನಂಬರ್ ಇವರ ಹಂತ್ಯಾಕ ಇತ್ತು, ಎಸ್‌ಟಿಡಿ ಬೂತಿಗೆ ಹೋಗಿ ಹಚ್ಚಿ ಹಚ್ಚಿ ಸಾಕಾಗಿ ಬಂದರು, ಎತ್ತಲಿಲ್ಲ ಬಿಡು, ತರೂದಿಲ್ಲ ತಗೋ ಈ ಸಲ, ಸುಮ್ನ ಯಾಕ ಜೀವಾ ತಿಂತಿ ಅಂದು ಸೈಕಲ್ ತುಳಕೋತ ಮಾರ್ಕೆಟ್ ಯಾರ್ಡಿಗೆ, ತಾವು ದುಡಿಯೂ ಕಾಳಿನ ಅಂಗಡಿ ಲೆಕ್ಕ ಬರಿಲಿಕ್ಕೆ ಹೋದರು, ಗಂಡಸರಿಗೆ ಎಲ್ಲಾನೂ ಹಗರ.

ಹಂಗಂತ ಇವರಿಗೆ ಬೈಯೂದೂ ಪಾಪನs, ಖರೇ ಹೇಳಬೇಕಂದರ ಇದs ಬ್ಯಾನಿ ನಮ್ಮ ಹಿತ್ತಲಕ್ಕ ಬಂದಾಗ ಕುಣಿ ತೋಡಿದವರು ಇವರs, ದೀಪಾವಳಿ ಮುಗದು ಥಂಡಿ ಬಿದ್ದಿತ್ತು, ಹಿತ್ತಲ ತುಂಬ ಕೋಳಿ ಆಗ, ಅವ್ವ ಕೊಟ್ಟ ಹಳೇ ಕಬರಿ, ಅದರ ಮಕ್ಕಳು ಮೊಮ್ಮಕ್ಕಳು, ಒಂದು ಕೆಂಪು ಹುಂಜ, ಹುಂಜ ಕೂಗಿದರ ಬಾಜೂ ಮನಿಗೆ ಗಡಿಯಾರ ಬ್ಯಾಡಾಗಿತ್ತು, ಅವ್ವ ತಾನs ಬಂದಿದ್ದಳು ಆ ಕಬರಿ ತಗೊಂಡು, ಬುಟ್ಟಿ ಮ್ಯಾಲ ಹಳೇ ಸೀರಿ ಕಟ್ಟಿ, ಸೊಲ್ಲಾಪುರದಾಗ ಗಾಡಿ ಬದಲಿಸಿ, ಟೀಸಿ ಬಂದಾಗ ಬುಟ್ಟಿ ಮ್ಯಾಲ ಕುಂತು ಬಿಟ್ಟಿದ್ದಳಂತ, ಒಳಗಿಂದ ಕೊಕ್ ಅಂತಂತ, ಇಕಿ ಕೆಮ್ಮಿದಳಂತ, ಟೀಸಿ ನೋಡಿದನಂತ, ಮತ್ತ ಕೊಕ್, ಮತ್ತ ಕೆಮ್ಮು, ಅಜ್ಜಿ ಔಷಧ ತಗೋ ಅಂದು ಹೋದನಂತ, ಅದನ್ನ ಹೇಳಿ ಹೇಳಿ ನಗಿಸಿದ್ದಳು, ಅದs ಕಡೀ ಸಲ ಅವ್ವ ಇಲ್ಲಿಗೆ ಬಂದದ್ದು, ಆ ಕಬರಿ ಆ ಥಂಡಿಯಾಗ ಮೂಲ್ಯಾಗ ನಿಂತು ಜೋಲಿ ಹೊಡೀತಿತ್ತು, ಕಣ್ಣು ಮುಚ್ಚಿ, ಬಾಯಿ ತಗದು, ಹಸರು ಬಿಳಿ ನೀರಾಡಿ, ಎರಡು ದಿನಕ್ಕ ಕುತ್ತಿಗಿ ಹಿಂದಕ್ಕ ತಿರುಗಿತು, ಆಕಾಶದಾಗ ಏನೋ ಹುಡಕಿದಂಗ, ತಾನು ನಿಂತಲ್ಲೇ ಗಿರಗಿಟ್ಟಿ ಆಡಿ ಬಿತ್ತು, ಆಮ್ಯಾಲ ಹುಂಜ, ಆಮ್ಯಾಲ ಒಂದರ ಹಿಂದ ಒಂದು, ಬೆಳ್ಳುಳ್ಳಿ ಅರದು ಹಾಕಿದಳು, ಅರಿಷಿಣ ಕುಡಿಸಿದಳು, ದುರ್ಗವ್ವಗ ಕಾಯಿ ಕಟ್ಟಿದಳು, ಯಾವುದಕ್ಕೂ ಬಗ್ಗಲಿಲ್ಲ, ಇವರು ಅಂಗಡಿಗೆ ರಜಾ ಹಾಕಿ ಗುದ್ದಲಿ ಹಿಡದರು, ಹಿತ್ತಲ ತುದಿಗೆ ಆಳಕ ತೋಡಿ, ಸುಣ್ಣ ಸುರದು, ಒಂದೊಂದನ್ನೂ ಎರಡೂ ಕೈಲೆ ಇಟ್ಟರು, ಒಗೀಲಿಲ್ಲ, ಇಟ್ಟರು, ಅದನ್ನ ನಾ ಮರೀಬಾರದು, ಉಂಡ ಮನಿ ಗಳಾ ಎಣಿಸಬಾರದು.

ಆದರ ಆ ಹೊತ್ತಿಗೆ ನಾಕು ಉಳದಿದ್ದುವಲ್ಲ, ನಾಕು ಕೋಳಿ, ಕಣ್ಣು ಹೊಳಿತಿದ್ದುವು, ಕಾಳು ತಿಂತಿದ್ದುವು, ಹಂಗ ಬಿಟ್ಟು ಸುಮ್ನ ಕುಂದ್ರಲಿಕ್ಕೆ ಆಗತದೇನು, ಊರಾಗ ಬ್ಯಾನಿ ಬಂದಾಗ ಏನು ಮಾಡ್ತಾರ, ಹೊರಬೀಡು, ಇಡೀ ಊರು ಒಲಿ ಆರಿಸಿ, ಕದಾ ಹಾಕಿ, ಮಕ್ಕಳು ಮರಿ ದನ ಕರ ಎಲ್ಲಾ ಹೊಡಕೊಂಡು ಹೊರಗ ಹೊಲಕ್ಕ ಹೋಗತಾರ, ಅಲ್ಲೇ ಅಡಗಿ, ಅಲ್ಲೇ ಊಟ, ಬ್ಯಾನಿ ಬಂದು ಮನಿ ಮನಿ ನೋಡಿ ಯಾರೂ ಇಲ್ಲ ಅಂತ ಹೋಗತದ, ರುದ್ರವ್ವ ಸಣ್ಣಾಕಿದ್ದಾಗ ಹೋಗಿದ್ದಳು, ಹೊಲದಾಗ ಹುಗ್ಗಿ ತಿಂದದ್ದು ಈಗೂ ನಾಲಿಗಿ ಮ್ಯಾಲ ಅದ, ಅವ್ವ ಕೋಳಿಗೂ ಹಂಗ ಮಾಡ್ತಿದ್ದಳು, ಗೂಡಿಗೆ ಬ್ಯಾನಿ ಹೊಕ್ಕರ ಗಟ್ಟಿ ಇದ್ದುವನ್ನ ಬುಟ್ಟಿಗೆ ಹಾಕಿ ಆಚೆ ಊರಿನ ಚಿಗವ್ವನ ಮನಿಗೆ ಸಾಗಿಸ್ತಿದ್ದಳು, ಬ್ಯಾನಿ ಬಂದ ಮನ್ಯಾಗ ಜೀವ ಇಡಬಾರದು ಮಗಳ ಅಂತಿದ್ದಳು, ಚಿಗವ್ವನ ಕೋಳಿ ಆಮ್ಯಾಲ ಏನಾದುವು ಅಂತ ನಾವ್ಯಾರೂ ಎಂದೂ ಕೇಳಲಿಲ್ಲ, ಚಿಗವ್ವನೂ ಹೇಳಲಿಲ್ಲ, ಅಯ್ಯ ಪಾಪ, ಅದು ಈಗ ತಲ್ಯಾಗ ಬರ್ತದ, ಆಗ ಬಂದಿದ್ದಿಲ್ಲ, ಆಗ ತಲ್ಯಾಗ ಇದ್ದದ್ದು ಒಂದs ಹೆಸರು, ಅಂಬಾ.

ಅಂಬಾ, ಎರಡು ಓಣಿ ಆಚೆ, ಭೋರ್ ಊರ ಕಡ್ಯಾಕಿ, ದೊಡ್ಡ ಹಿತ್ತಲ, ದೊಡ್ಡ ಬಾಯಿ, ನಾವು ಇಲ್ಲಿ ಬಂದ ಹೊಸದಾಗಿ ನನಗ ಮರಾಠಿ ಬರ್ತಿದ್ದಿಲ್ಲ, ಅಕಿಗೆ ಕನ್ನಡ ಬರ್ತಿದ್ದಿಲ್ಲ, ನಳದ ಮುಂದ ಕೊಡ ಹಿಡಕೊಂಡು ಒಬ್ಬರಿಗೊಬ್ಬರು ಬೈದಾಡಿದ್ವಿ, ಒಬ್ಬರ ಬೈಗುಳ ಒಬ್ಬರಿಗೆ ತಿಳೀಲಿಲ್ಲ, ಅದಕ್ಕ ಗೆಳತ್ಯಾರಾದ್ವಿ ಅಂತ ಇವರು ಚಾಷ್ಟಿ ಮಾಡ್ತಾರ, ಬ್ಯಾನಿ ಬರೂಕಿಂತ ಮೊದಲs ಹಳೇ ಕಬರಿಯ ಒಂದು ಮಗಳನ್ನ ಅಕಿಗೆ ಪಾಲಿಗೆ ಕೊಟ್ಟಿದ್ದೆ, ನಮ್ಮ ಕಡಿ ಪದ್ಧತಿ, ಕೋಳಿ ನಂದು, ಕಾಳು ನಿಂದು, ಮರಿ ಅರ್ಧ ಅರ್ಧ, ತಾಯಿ ಹಂಗ ಚುಕ್ಕಿ ಚುಕ್ಕಿ ಮೈ, ಅದೂ ಕಬರಿನ, ಹಂಗಂದ ಮ್ಯಾಲ ಅಂಬಾ ನನಗ ಬೀಗತಿ ಆದಂಗಾತಲ್ಲ, ಬೀಗತಿ ಮನಿಗೆ ಹೊರಬೀಡು ಹೋಗೂದರಾಗ ಏನು ತಪ್ಪು, ನಾಕೂ ಕೋಳಿ ಬುಟ್ಟಿಗೆ ಹಾಕಿ, ಅವ್ವನ ಅದs ಹಳೇ ಸೀರಿ ಮ್ಯಾಲ ಕಟ್ಟಿ, ತಲಿ ಮ್ಯಾಲ ಹೊತ್ತು, ಸಣ್ಣಾಕಿದ್ದಾಗ ಹೊಲಕ್ಕ ಹೋದಂಗ ಹೋದೆ, ಮುಂಜಾನಿ ಹೊತ್ತು, ಅಂಬಾನ ಮನ್ಯಾಗ ಬಾಜ್ರಿ ಭಾಕ್ರಿ ಬಡಿಯೂ ಸಪ್ಪಳ, ಗೇಟಿಗೆ ಕೈ ಹಚ್ಚಿದ್ದೆ ಅಷ್ಟ, ಓಡಿ ಬಂದಳು, ಕೈ ಎತ್ತಿದಳು, ಥಾಂಬ್, ಆತ ಯೇವು ನಕೋ, ನಿಲ್ಲು, ಒಳಗ ಬರಬ್ಯಾಡ, ಆ ಕೈ, ಬೆಳ್ಳಗ ಹಿಟ್ಟು ಮೆತ್ತಿದ ಅಂಗೈ, ಐದೂ ಬೆರಳು ಅಗಲಿಸಿ, ನನ್ನ ಮಾರಿ ಮುಂದ, ಬೀದಿನಾಯಿ ತಡದಂಗ.

ಅಂಬಾ ಏನೋ ಹೇಳ್ತಿದ್ದಳು, ಹೇಳೇ ಹೇಳಿರಬೇಕು, ಕೇಳೋರು ಯಾರು, ಕಿವ್ಯಾಗ ಗುಂಯ್ ಅಂತಿತ್ತು, ನನ್ನ ಕೋಳಿ ನಿನ್ನ ಹಿತ್ತಲದಾಗ ಮೇಯಬಹುದು, ನಾ ಮಾತ್ರ ನಿನ್ನ ಗೇಟು ದಾಟಬಾರದೇನ ಅಂತ ಅಂದಳು ರುದ್ರವ್ವ, ಕನ್ನಡದಾಗ ಅಂದಳು, ಆಮ್ಯಾಲ ಮರಾಠಿಯಾಗೂ ಅಂದಳು, ತಿಳೀಲಿ ಅಂತ, ನಿನ್ನ ಮನಿ ಹಾಳಾಗಲಿ ಅಂದಳು, ಅದು ಹೆಂಗ ಬಂತೋ ಬಾಯಾಗ, ಓಣಿ ಮಂದಿ ಎಲ್ಲಾ ನೋಡಿತು, ಬುಟ್ಟಿ ಹೊತ್ತು ತಿರುಗಿ ಬಂದಳು, ಆ ನಾಕೂ ಕೋಳಿ ಆ ವಾರದಾಗs ಹೋದುವು, ಮದಲ ಒಂದಕ್ಕ ಜೋಲಿ, ಆಮ್ಯಾಲ ಹಸರು ನೀರು, ಆಮ್ಯಾಲ ಕುತ್ತಿಗಿ, ಬುಟ್ಟಿಯಾಗ ಹೊತ್ತಾಗ ಕಣ್ಣು ಹೊಳಿತಿದ್ದುವಲ್ಲ, ಹೊಳಿಯೂ ಕಣ್ಣಿನ ಹಿಂದನೂ ಬ್ಯಾನಿ ಕುಂತಿರತದ ಅಂತ ಆಗ ಯಾರಿಗೆ ಗೊತ್ತು, ಅಂಬಾಗ ಗೊತ್ತಿತ್ತು, ಸಣ್ಣಾಕಿದ್ದಾಗ ಭೋರದಾಗ ಅಕಿ ತವರಿಗೆ ಸೋದರಮಾವ ಬಂದನಂತ, ಒಂದು ಕೋಳಿ ಬಗಲಾಗ ಹಿಡಕೊಂಡು, ಮಾವ ಉಂಡು ಹೋದ, ಹಿತ್ತಲ ಬರಿದಾತು, ಬ್ಯಾನಿ ಕೋಳಿ ಮ್ಯಾಲ ಅಷ್ಟ ಬರೂದಿಲ್ಲ ರುದ್ರಾ, ಚಪ್ಪಲಿ ಮ್ಯಾಲ ಬರ್ತದ, ಸೀರಿ ಅಂಚಿನ ಮ್ಯಾಲ ಬರ್ತದ, ಬುಟ್ಟಿ ತಳದಾಗ ಬರ್ತದ, ಇದನ್ನೆಲ್ಲಾ ಅಂಬಾ ಹೇಳಿದ್ದು ಭಾಳ ತಡಾಗಿ, ಅಷ್ಟೊತ್ತಿಗೆ ಥಂಡಿ ಮುಗದಿತ್ತು, ಅಲ್ಲಿತನಕ ರುದ್ರವ್ವ ಆ ಓಣಿ ಬಿಟ್ಟು ಸುತ್ತ ಹಾಕಿ ಕಿರಾಣಿ ಅಂಗಡಿಗೆ ಹೋಗತಿದ್ದಳು, ಸಂಕ್ರಾಂತಿಗೆ ಅಂಬಾ ಅರಿಷಿಣ ಕುಂಕುಮಕ್ಕ ಕರದಳು, ಹೋಗಲಿಲ್ಲ, ತಿಳಗೂಳ ಘ್ಯಾ ಗೋಡ ಬೋಲಾ, ಎಳ್ಳುಬೆಲ್ಲ ತಗೋ ಸಿಹಿ ಮಾತಾಡು ಅಂತ ಡಬ್ಬ್ಯಾಗ ಎಳ್ಳುಂಡಿ ಕಳಿಸಿದಳು, ಇವರು ತಿಂದರು, ನಾ ಮುಟ್ಟಲಿಲ್ಲ, ಮುಟ್ಟಿದೆ, ಒಂದು, ಇವರು ಅಂಗಡಿಗೆ ಹೋದ ಮ್ಯಾಲ, ಛಲೋ ಇತ್ತು, ಹಾಳಾದ್ದು ಭಾಳ ಛಲೋ ಇತ್ತು.

ಕುಟ್ ಕುಟ್, ಈಗ ಎರಡು ಕಡೆಯಿಂದ, ಎರಡನೇದೂ ಬಡೀಲಿಕ್ಕೆ ಹತ್ತಿತು, ರೊಟ್ಟಿ ಬಡಿ ಬಡಿ, ರುದ್ರವ್ವನ ಕೈ ತಾನs ಆಡತದ, ಪಟ್ ಪಟ್ ಪಟ್, ಹೊರಗ ಕುಟ್ ಕುಟ್, ಎಷ್ಟು ದಿನ ಆಗಿತ್ತು ಈ ಹಿತ್ತಲದಾಗ ಇಂಥಾ ಸಪ್ಪಳ ಕೇಳಿ, ಯುಗಾದಿ ಪಾಡ್ಯ ಮುಂದಿತ್ತು ಅನ್ನೂವಾಗ ಅಂಬಾ ಬಂದಳು, ಬಗಲಾಗ ಚುಕ್ಕಿ ಚುಕ್ಕಿ ಕೋಳಿ, ಗೇಟಿನಾಚೆನs ನಿಂತಳು, ರುದ್ರಾ, ಗೂಡು ತೊಳದೀಯೇನ, ಸುಣ್ಣಾ ಹಚ್ಚೀಯೇನ, ಬಿಸಲು ಬಿದ್ದದೇನ, ಸಾಹೇಬರಗತೆ ಕೇಳಿದಳು, ಎಲ್ಲಾ ಹೂಂ ಅಂದ ಮ್ಯಾಲ ಚಪ್ಪಲಿ ಹೊರಗ ಬಿಟ್ಟು, ಕಾಲಿಗೆ ನೀರು ಇಸಕೊಂಡು, ಒಳಗ ಬಂದಳು, ಕೋಳಿ ನನ್ನ ಉಡ್ಯಾಗ ಹಾಕಿದಳು, ಹೀ ತುಝ್ಯಾ ಆಈಚೀ ಕೋಂಬಡೀ, ನಿನ್ನ ಅವ್ವನ ಕೋಳಿ ಇದು, ನಿನ್ನ ಮನ್ಯಾಗ ಇರಲಿ, ದನದ ದವಾಖಾನ್ಯಾಗ ಸೂಜಿ ಮಾಡಿಸೀನಿ, ಪಾಲು ಗೀಲು ಏನೂ ಬ್ಯಾಡ, ಒಂದು ಮರಿ ಕೊಡು ಸಾಕು, ಕೋಳಿ ಎದಿಗೆ ಹಿಡಕೊಂಡೆ, ಬೆಚ್ಚಗಿತ್ತು, ಅವ್ವನ ಸೆರಗಿನಾಗ ಮಾರಿ ಇಟ್ಟಂಗ ಕಾಳಿನ ವಾಸನಿ ಬಂತು, ಅತ್ತೆ, ಅಂಬಾನೂ ಅತ್ತಳು, ಆಮ್ಯಾಲ ಅಕಿನs ಎದ್ದು ಚಾ ಮಾಡಿದಳು, ನನ್ನ ಮನ್ಯಾಗ, ಸಕ್ರಿ ಡಬ್ಬಿ ತಾನs ಹುಡುಕಿ, ಇಂಥಾಕಿ ಯಾವ ಜನ್ಮದ ಪುಣ್ಯಾ, ನಾ ಶಾಪಾ ಹಾಕಿದ್ದೆ ಅಕಿಗೆ, ಆ ಕೈ ಅಡ್ಡ ಬರದಿದ್ದರ ಇವತ್ತು ಈ ತತ್ತಿ ಎಲ್ಲಿ, ಈ ಸಪ್ಪಳ ಎಲ್ಲಿ, ಬೆಳ್ಳಗ ಹಿಟ್ಟಿನ ಅಂಗೈ, ಐದು ಬೆರಳು, ಈಗ ಕಣ್ಣು ಮುಚ್ಚಿದರ ದೇವರ ಅಭಯಹಸ್ತ ಕಂಡಂಗ ಕಾಣತದ, ನಾಳೆ ಬರ್ತಾಳ ಅಂಬಾ, ಥರ್ಮಾಸಿನಾಗ ಬರ್ಫ ಹಾಕಿ ದವಾಖಾನಿಯಿಂದ ಔಷಧ ತರ್ತಾಳ, ಮರಿಗಳ ಕಣ್ಣಾಗ ಒಂದೊಂದು ಹನಿ ಬಿಡಬೇಕಂತ, ಅಲ್ಲಿತನಕ ಯಾರನ್ನೂ ಹಿತ್ತಲಕ್ಕ ಬಿಡಬ್ಯಾಡ ರುದ್ರಾ, ಯಾರನ್ನೂ ಅಂದರ ಯಾರನ್ನೂ, ನನ್ನನ್ನೂ.

ಯಾರನ್ನೂ ಅಂದರ ಯಾರನ್ನೂ — ಗಾಡಿ ಶೀಟಿ ಹೊಡೀತು, ದೌಂಡ ಗಾಡಿನs, ಬಂತು, ಕೋಳಿ ತಂದಿರೂದಿಲ್ಲ ಬಿಡು, ತಂದಿದ್ದರ ಗೇಟಿನಾಚೆ ಇಡಿಸಿದರಾತು, ಮತ್ತ ಅಕಿ ಚಪ್ಪಲಿ, ಅಕಿ ಸೀರಿ, ಅಕಿ ಕೋಳಿ ಹಿಡದ ಕೈ, ಮನಿ ಮಗಳನ್ನ ಬಾಗಲದಾಗ ತಡೀತಾರೇನು, ಹೆಣ್ಣಮಗಳು ಕಣ್ಣೀರು ಹಾಕಿ ಹೊಳ್ಳಿದರ ತವರಿಗೆ ಒಳ್ಳೇದಾಗೂದಿಲ್ಲ ಅಂತ ಇದs ಬಾಯಿಲೆ ಎಷ್ಟು ಮಂದಿಗೆ ಹೇಳೀನಿ, ಇವರಿಗೆ ಏನ ಹೇಳಲಿ, ನಿಮ್ಮ ತಂಗೀನ ಕೋಳಿಮರಿ ಸಲುವಾಗಿ ಹೊರಗ ನಿಲ್ಲಿಸಿದೆ ಅನ್ನಲಾ, ಬಿಸಿ ತುಪ್ಪ ಬಾಯಾಗ, ನುಂಗಲಿಕ್ಕೂ ಆಗವಲ್ದು, ಉಗುಳಲಿಕ್ಕೂ ಆಗವಲ್ದು, ಕುಸುಮ ಎಷ್ಟು ಸಣ್ಣಾಕಿದ್ದಳು ನಾ ಮದವಿಯಾಗಿ ಬಂದಾಗ, ಜಡಿ ಹಾಕಿಸಿಕೊಳ್ಳಲಿಕ್ಕೆ ನನ್ನ ಮುಂದ ಬೆನ್ನು ಮಾಡಿ ಕುಂದರತಿದ್ದಳು, ನಾ ಜ್ವರ ಬಂದು ಮಲಗಿದಾಗ ಹಣಿ ಮ್ಯಾಲ ಹಸಿ ಅರಿವಿ ಇಟ್ಟಾಕಿ ಇಕಿನs, ಅಂಬಾಗ ಅಂದಂಗ ಇಕಿ ನನಗ ಅಂದರ, ನಿನ್ನ ಮನಿ ಹಾಳಾಗಲಿ ಅಂದರ, ಅನ್ನೂದಿಲ್ಲ ಇಕಿ, ಸುಮ್ನ ಹೊಳ್ಳಿ ಹೋಗತಾಳ, ಅದs ಸುಡತದ, ರೊಟ್ಟಿ ತಿರುವು, ಕುಟ್, ಪಟ್ ಪಟ್, ಕುಟ್, ಬುಟ್ಟಿಯಾಗಿಂದ ಚೀಂವ್ ಅಂತ ಒಂದು ದನಿ, ದಾರದಷ್ಟು ತೆಳ್ಳಗ, ಹೊರಗ ಬಂತು, ಮೊದಲನೇ ಮರಿ ಹೊರಗ ಬಂತು ಅವ್ವಾ.

ಮತ್ತ ಆಗs ಸೊಂಟದೆತ್ತರದ ತಗಡಿನ ಗೇಟು ಧಡ್ ಅಂತು, ವೈನೀ, ಲಗೂನ ತಗೀರಿ, ಕೈ ಸೋತಾವ, ನೋಡ್ರಿ ಏನ ತಂದೀನಿ, ರುದ್ರವ್ವ ಹೆಂಗ ಎದ್ದಳು, ಹೆಂಗ ಅಂಗಳ ದಾಟಿದಳು ಗೊತ್ತಿಲ್ಲ, ಗೇಟಿನಾಚೆ ಕುಸುಮ, ಬಿಸಲಿಗೆ ಕೆಂಪಾದ ಮಾರಿ ತುಂಬ ನಗು, ಕೈಯಾಗ ಚೀಲ, ಚೀಲದ ಬಾಯಿಂದ ಒಂದು ಕೆಂಪು ಜುಟ್ಟು, ತಲಿ ಒಂದು ಬದಿಗೆ ವಾಲೇದ, ಗಾಡಿ ಧಗಿಗೆ ವಾಲಿರಬಹುದು, ನಿದ್ದಿ ಇರಬಹುದು, ಇಲ್ಲಾ ಅದs ಇರಬಹುದು, ಯಾರಿಗೆ ಗೊತ್ತು, ಕುಸುಮ ಒಂದು ಕೈಲೆ ಅಗಳಿ ಸರಿಸಲಿಕ್ಕೆ ಹೋದಳು, ಥಾಂಬ್ ಅಂದಳು ರುದ್ರವ್ವ, ಮನಿಮಗಳಿಗೆ ಮರಾಠಿಯಾಗ, ಆ ಮಾತು ಎಲ್ಲಿಂದ ಬಂತೋ, ನಿಲ್ಲs ಕುಸುಮಾ, ನಮ್ಮವ್ವ, ಅಲ್ಲೇ ನಿಲ್ಲು, ಹೊಳ್ಳಿ ಹೋಗಬ್ಯಾಡ, ಹೇಳತೀನಿ ಕೇಳು ಅಂತ ಎಲ್ಲಾ ಅನ್ನಬೇಕು, ಅಂತೀನಿ, ಈಗ ಅಂತೀನಿ, ಕೈ ಮಾತ್ರ ತಾನs ಮ್ಯಾಲೆದ್ದು ನಿಂತದ, ಕುಸುಮನ ನಗು ಇನ್ನೂ ಮಾರಿ ಮ್ಯಾಲ ಹಂಗ ಅದ, ಹೋಗಬೇಕೋ ಇರಬೇಕೋ ತಿಳೀದs, ಹಿಟ್ಟಿನ ಅಂಗೈ ಅಕಿ ಕಡೆ, ಈ ಕಡೆ ರುದ್ರವ್ವಗ ಕಾಣೂದು ಅದರ ಹಿಂಬದಿ, ಉಬ್ಬಿದ ನರ, ಮೊಣಕೈಗೆ ಜಾರಿದ ಹಸರು ಬಳಿ, ಗಾಳಿ ಇಲ್ಲದs ನಡಗೂ ಐದು ಬೆರಳು, ಅಯ್ಯ ಅಂಬಾ, ನಿಂದೂ ಹಿಂಗ ನಡಗಿತ್ತೇನs, ಅವತ್ತು ಆಚೆ ನಿಂತಾಕಿಗೆ ಬರೇ ಅಂಗೈ ಕಾಣಸ್ತು, ಇದು ಕಾಣಲಿಲ್ಲ, ಹಿಟ್ಟು ಉದರಾಕತ್ತದ, ಆ ಕೈ, ನಡಗೂ ಕೈ, ಹಿಟ್ಟಿನ ಕೈ